ಬೆಣ್ಣೆಹಳ್ಳದ ದಂಡೆಯಲ್ಲಿ ಮನೆ: ಯಾವ ಮಟ್ಟ ನಂಬಬೇಕು?

ಓದುಗರ ಪತ್ರ: 2019ರ ಆಗಸ್ಟ್‌ನಲ್ಲಿ ನಮ್ಮ ಓಣಿಯಲ್ಲಿ ಸೊಂಟದ ಮಟ ನೀರು ನಿಂತಿತ್ತು. ಮೊಬೈಲಿನಲ್ಲಿ ಸಿಗುವ ಉಪಗ್ರಹ ನಕ್ಷೆ ಮಾತ್ರ ನಮ್ಮ ಜಾಗಕ್ಕೆ ನೀರೇ ಬಂದಿಲ್ಲ ಎನ್ನುತ್ತದೆ. ಮಗ ಅಲ್ಲೇ ಮನೆ ಕಟ್ಟಿಸಬೇಕೆಂದಿದ್ದಾನೆ. ಯಾವುದನ್ನು ನಂಬಲಿ? ರಾಜ್ಯ ಸರ್ಕಾರವೇ ಇಡೀ ಹಳ್ಳಕ್ಕೆ ನೆರೆ ನಕ್ಷೆ ಮಾಡಿದರೆ ನಮ್ಮ ಜಮೀನಿನ ಬೆಲೆ ಬೀಳುವುದಿಲ್ಲವೆ? – ಯಮನೂರ ಕಡೆಯ ರೈತರೊಬ್ಬರು, ನವಲಗುಂದ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಗೋಡೆಯ ಮೇಲೆ ನೆರೆ ಬಿಟ್ಟುಹೋದ ನೀರಿನ ಗುರುತನ್ನೇ ನಂಬಿ. ಉಪಗ್ರಹ ಬಂದು ಹೋದ ಹೊತ್ತು ಬೇರೆ, ನಿಮ್ಮ ಓಣಿಗೆ ನೀರು ಬಂದ ಹೊತ್ತು ಬೇರೆ. ಮೋಡದ ಆಚೆಯಿಂದಲೂ ನೆಲ ಕಾಣುವ ಸೆಂಟಿನೆಲ್-1ರಂಥ ರಡಾರ್ ಉಪಗ್ರಹ ಒಂದೇ ಹಾದಿಗೆ ಮರಳಲು 12 ದಿನ ಬೇಕು. ಬೆಣ್ಣೆಹಳ್ಳವಾದರೆ ಕುಂದಗೋಳ, ಹುಬ್ಬಳ್ಳಿ ಕಡೆ ಜೋರು ಮಳೆ ಬಿದ್ದರೆ ರಾತ್ರೋರಾತ್ರಿ ಏರಿ ಇಳಿಯುತ್ತದೆ. ಎತ್ತರ ಬೆಳೆದ ಗೋವಿನಜೋಳದ ಬುಡದಲ್ಲಿ ನಿಂತ ನೀರನ್ನೂ ರಡಾರ್ ಎಷ್ಟೋ ಸಲ ಹಿಡಿಯುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನೆಲದ ಎತ್ತರದ್ದು. 1:50,000 ಅಳತೆಯ ಸರ್ವೆ ನಕ್ಷೆಯಲ್ಲಿ ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ 20 ಮೀಟರ್. ಪುಕ್ಕಟೆ ಸಿಗುವ ಉಪಗ್ರಹ ಎತ್ತರದ ಮಾಹಿತಿಯಲ್ಲಿ ಹಲವು ಮೀಟರ್ ತಪ್ಪು ಇರುತ್ತದೆ. ನವಲಗುಂದ, ರೋಣದ ಎರಿ (ಕಪ್ಪು ಮಣ್ಣಿನ) ಬಯಲಿನಲ್ಲಿ ನೀರು ಒಂದೇ ಮೀಟರ್ ಏರಿದರೂ ಎಲ್ಲಿಯವರೆಗೆ ಹರಡುತ್ತದೆಂದು ನಿಮಗೆ ಹೇಳಬೇಕಿಲ್ಲ. ನೆರೆ ವಲಯ ಗುರುತಿಸಲು 1:15,000 ಅಥವಾ ಅದಕ್ಕೂ ವಿವರವಾದ ನಕ್ಷೆ, 0.3ರಿಂದ 0.5 ಮೀಟರ್ ಅಂತರದ ರೇಖೆ ಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುವುದು ಇದಕ್ಕೇ. ಇಷ್ಟು ಸೂಕ್ಷ್ಮವಾಗಿ ನೆಲ ಅಳೆಯದೆ ಬಣ್ಣ ಬಳಿದ ನಕ್ಷೆಯನ್ನು ಮನೆ ಕಟ್ಟಲು ಆಧಾರ ಮಾಡಿಕೊಳ್ಳಬಾರದು.

ರಾಜ್ಯ ಮಟ್ಟದಲ್ಲಿ ಈ ಕೆಲಸ ನಡೆದರೆ ಹಳ್ಳದ ಅಡ್ಡಛೇದಗಳನ್ನೂ (ಅಲ್ಲಲ್ಲಿ ಪಾತ್ರದ ಅಗಲ, ಆಳ) ಪ್ರತಿ ಸೇತುವೆಯ ಕಣ್ಣುಗಳನ್ನೂ ಅಳೆಯಬೇಕು. ಪೀಕಜಾಲಿ ಬೆಳೆದು ಹೂಳು ತುಂಬಿದ ಪಾತ್ರದಲ್ಲಿ ಅಷ್ಟೇ ನೀರು ಹೆಚ್ಚು ಎತ್ತರಕ್ಕೆ ಹರಿಯುತ್ತದೆ, ಸೇತುವೆಯ ಕಣ್ಣಿಗೆ ಕಸ ಕಟ್ಟಿದರೆ ಅದರ ಮೇಲ್ಬದಿಯ ಊರು ಮುಳುಗುತ್ತದೆ. ಹಳ್ಳವನ್ನೂ ಅದು ಹೋಗಿ ಸೇರುವ ಮಲಪ್ರಭೆಯನ್ನೂ ಒಟ್ಟಿಗೆ ಲೆಕ್ಕ ಹಾಕುವುದು ಬಹಳ ಮುಖ್ಯ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಗೇಟು ತೆರೆದು ಹೊಳೆ ತುಂಬಿದ್ದಾಗ ಹಳ್ಳದ ನೀರಿಗೆ ಮುಂದೆ ದಾರಿಯಿಲ್ಲ, ಸಂಗಮದ ಸುತ್ತಿನ ಊರುಗಳಲ್ಲಿ ಅದು ಹಿಂದಕ್ಕೆ ಒತ್ತುತ್ತದೆ. ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಡುತ್ತಾರೆಂದು ಮೊದಲೇ ತಿಳಿಯಬಹುದು. ಅಣೆಕಟ್ಟೇ ಇಲ್ಲದ ಹಳ್ಳಕ್ಕೆ ಮೇಲಿನ ಊರುಗಳ ಮಳೆಮಾಪಕವೇ ಮುನ್ಸೂಚನೆ. ಕೊನೆಗೆ ಕಂಪ್ಯೂಟರ್ ಲೆಕ್ಕ ಸರಿಯೋ ಅಲ್ಲವೋ ಎಂದು ತಾಳೆ ನೋಡಲು 2009 ಮತ್ತು 2019ರ ನಿಜವಾದ ನೀರಿನ ಗುರುತುಗಳು ಬೇಕೇ ಬೇಕು. ಅವು ಇರುವುದು ನಿಮ್ಮಂಥವರ ಮನೆಗಳಲ್ಲಿ.

ಗುರುತು ಹುಡುಕುವಾಗ ಎಚ್ಚರ. ಮಣ್ಣಿನ ಗೋಡೆ ನೀರು ಹೀರಿ ತೇವ ಮೇಲೇರಿಸುತ್ತದೆ, ಅದರ ಕಲೆ ನಿಜವಾದ ಮಟ್ಟಕ್ಕಿಂತ ಎತ್ತರ ಇರುತ್ತದೆ. ಗಿಡಕ್ಕೆ ಸಿಕ್ಕ ಕಸವೂ ಹರಿವಿನ ರಭಸಕ್ಕೆ ಮೇಲೆ ಸರಿದಿರುತ್ತದೆ. ಕಲ್ಲಿನ ಗುಡಿ, ಸಿಮೆಂಟ್ ಗಿಲಾಯಿ ಮಾಡಿದ ಗೋಡೆಯ ಒಳಬದಿ, ಕರೆಂಟ್ ಮೀಟರಿನ ಹಲಗೆ, ಬಾಗಿಲ ಹಿಂಬದಿಯಲ್ಲಿ ಉಳಿದ ನಯವಾದ ರಾಡಿಯ ಗೆರೆ ಹೆಚ್ಚು ನಂಬಿಕೆಗೆ ಅರ್ಹ. ಒಂದೇ ಗುರುತಿಗೆ ನಿಲ್ಲಬೇಡಿ, ಮೂರ್ನಾಲ್ಕು ನೋಡಿ.

ಆ ಮಟ್ಟವನ್ನು ನಿಮ್ಮ ಜಾಗಕ್ಕೆ ತರಲು ಗೌಂಡಿಯವರ ಲೆವೆಲ್ ಪೈಪು ಸಾಕು. ಸುಮಾರು 20 ಮೀಟರಿನ ಪಾರದರ್ಶಕ ಪೈಪಿಗೆ ಬಕೆಟ್ಟಿನಿಂದ ನೀರೆಳೆದು ತುಂಬಿ. ಒಳಗೆ ಒಂದು ಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದೆ, ಹೆಚ್ಚಿನ ತಪ್ಪು ಆಗುವುದೇ ಇಲ್ಲಿ. ಒಂದು ತುದಿಯ ನೀರು ಗೋಡೆಯ ಗುರುತಿಗೆ ಸರಿಯಾಗಿ ನಿಂತಾಗ, ಇನ್ನೊಂದು ತುದಿಯ ನೀರಿನ ಮಟ್ಟವನ್ನು ಗಟ್ಟಿಯಾಗಿ ನೆಟ್ಟ ಗೂಟದ ಮೇಲೆ ಗೀಟು ಹಾಕಿ. ಆ ಗೂಟದಿಂದ ಮುಂದಿನ ಗೂಟಕ್ಕೆ, ಹೀಗೆ ನಿವೇಶನದವರೆಗೆ ಹೋಗಿ, ಬೇರೆ ದಾರಿಯಿಂದ ಮೊದಲ ಗುರುತಿಗೆ ಮರಳಿ. 3 ಸೆಂಟಿಮೀಟರಿಗಿಂತ ಹೆಚ್ಚು ಫರಕು ಬಂದರೆ ಮತ್ತೆ ಅಳೆಯಿರಿ. ಹರಿಯುವ ನೀರಿನ ಮೈ ಹಳ್ಳದ ಗುಂಟ ಇಳಿಜಾರಾಗಿರುವುದರಿಂದ ಗುರುತು ನಿಮ್ಮ ಜಾಗದ ಹತ್ತಿರದ್ದೇ ಇರಲಿ. ದೂರದ್ದಾದರೆ ಮೇಲ್ಬದಿಯದೊಂದು, ಕೆಳಬದಿಯದೊಂದು ಹಿಡಿದು ನಡುವಿನ ಮಟ್ಟ ಲೆಕ್ಕ ಹಾಕಿ.

2009ರದ್ದು, 2019ರದ್ದು ಎರಡರಲ್ಲಿ ಹೆಚ್ಚಿನ ಮಟ್ಟ ತೆಗೆದುಕೊಂಡು ಅದರ ಮೇಲೆ ಎರಡು ಅಡಿ ಸೇರಿಸಿ ಪ್ಲಿಂತ್ (ಮನೆಯ ನೆಲಗಟ್ಟು) ಇಡಿ ಎನ್ನುವುದು ನಮ್ಮ ಸಲಹೆ. ವಾಸದ ಮನೆಗಳಿಗೆ 25 ವರ್ಷದ ನೆರೆಯ ಮಟ್ಟ, ಆಸ್ಪತ್ರೆ, ವಿದ್ಯುತ್ ಕೇಂದ್ರಗಳಿಗೆ 100 ವರ್ಷದ ಮಟ್ಟ ಎನ್ನುತ್ತದೆ ರಾಷ್ಟ್ರೀಯ ಮಾರ್ಗಸೂಚಿ. 25 ವರ್ಷದ ನೆರೆ 25 ವರ್ಷಕ್ಕೊಮ್ಮೆಯೇ ಬರುತ್ತದೆಂದಲ್ಲ, ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇ 4. ಮನೆ 30 ವರ್ಷ ಬಾಳಿದರೆ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಸುಮಾರು ಶೇ 70. 100 ವರ್ಷದ ನೆರೆಗೂ ಅದು ಶೇ 26. ಹಾಗಾಗಿ 25 ವರ್ಷದ ಮಟ್ಟ ಮನೆಗೆ ಸಾಲದು ಎಂದೇ ನಮ್ಮ ಅಭಿಪ್ರಾಯ. ಪ್ಲಿಂತಿನೊಳಗೆ ಎರಿ ಮಣ್ಣು ತುಂಬಬೇಡಿ, ಹಸಿಯಾದರೆ ಉಬ್ಬಿ ನೆಲ ಸೀಳುತ್ತದೆ. ಗರಸು ಹಾಕಿ ಕುಟ್ಟಿ. ಎತ್ತರ ನಾಲ್ಕು ಅಡಿ ದಾಟಿದರೆ ಕಂಬದ ಮೇಲೆ ಕಟ್ಟುವುದು ವಾಸಿ, ನೀರಿಗೂ ಕೆಳಗೆ ದಾರಿ ಇರುತ್ತದೆ.

ಬೆಲೆಯ ಮಾತು. ನೆರೆ ಬಯಲು ವಲಯೀಕರಣದ (ನೆರೆ ಬರುವ ಜಾಗ ಗುರುತಿಸಿ ಅಲ್ಲಿ ಕಟ್ಟಡಗಳಿಗೆ ಮಿತಿ ಹಾಕುವುದರ) ಮಾದರಿ ಮಸೂದೆಯನ್ನು ಕೇಂದ್ರ ಜಲ ಆಯೋಗ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಕಾಯ್ದೆ ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಜಮ್ಮು-ಕಾಶ್ಮೀರ. ನಿರ್ಬಂಧಕ್ಕೆ ಒಳಗಾದವರಿಗೆ ಪರಿಹಾರ ಕೊಡುವ ಕಲಮೂ ಆ ಮಾದರಿ ಮಸೂದೆಯಲ್ಲಿದೆ. ವಲಯೀಕರಣದ ಗುರಿ ಕಟ್ಟಡಗಳೇ ಹೊರತು ಬಿತ್ತನೆಯಲ್ಲ. ದಂಡೆಗೆ ತಾಗಿದ ನಿವೇಶನದ ಬೆಲೆ ಇಳಿಯಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಕ್ಷೆ ಇಲ್ಲದಿದ್ದರೆ ಅದೇ ನಷ್ಟ ತಿಳಿಯದೆ ಕೊಂಡವರ ತಲೆಗೆ ಬರುತ್ತದೆ. ನೀವು ಪಟ್ಟುಹಿಡಿದು ಕೇಳಬೇಕಾದದ್ದು ಸರ್ವೆ ನಂಬರ್‌ವಾರು ಗಡಿ, ಪ್ರತಿ ಗಡಿಗೂ ನೀರಿನ ಮಟ್ಟ, ಅಂತಿಮವಾಗುವ ಮೊದಲು ಗ್ರಾಮಸಭೆಯಲ್ಲಿ ಆಕ್ಷೇಪಣೆಗೆ ಅವಕಾಶ.

ಈ ಸಲ ದೀಪಾವಳಿಗೆ ಮನೆಗಳಿಗೆ ಸುಣ್ಣ ಬಣ್ಣ ಹಚ್ಚುವ ಮೊದಲು ಉಳಿದ ಗುರುತುಗಳ ಫೋಟೊ ತೆಗೆಯಿರಿ, ಅಳತೆ ಪಟ್ಟಿ ಹಿಡಿದು, ನೆಲದಿಂದ ಎಷ್ಟು ಎತ್ತರ, ಯಾವ ವರ್ಷದ್ದು ಎಂದು ಬರೆದಿಡಿ. ಒಂದು ಪ್ರತಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಇನ್ನೊಂದು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.