ಬೆಳಕಿನ ದಾರಿ ತಿರುಗಿಸುವ ಶಬ್ದ

ಪ್ರಶ್ನೆ: ಸ್ಫಟಿಕದೊಳಗೆ ಶಬ್ದ ಹಾಯಿಸಿ ಲೇಸರ್ ಕಿರಣದ ದಿಕ್ಕು ಬದಲಿಸುತ್ತಾರಂತೆ. ಅಷ್ಟು ವೇಗದ ಬೆಳಕನ್ನು ಇಷ್ಟು ನಿಧಾನದ ಶಬ್ದ ಹೇಗೆ ತಾನೇ ತಿರುಗಿಸೀತು?

ಉತ್ತರ: ನೀವು ತೊಡಕೆಂದುಕೊಂಡ ಆ ವೇಗದ ಅಂತರವೇ ಇಲ್ಲಿ ಅನುಕೂಲ. ಪ್ರಯೋಗಾಲಯದಲ್ಲಿ ನಾನು ದಿನವೂ ಬಳಸುವ ಸಾಧನದಲ್ಲಿ ಟೆಲ್ಯೂರಿಯಂ ಡೈಆಕ್ಸೈಡ್ ಸ್ಫಟಿಕದ ಒಂದು ಬದಿಗೆ ಪೀಜೋ ಬಿಲ್ಲೆ (ವಿದ್ಯುತ್ ಸಿಗ್ನಲ್ ಕೊಟ್ಟರೆ ಕಂಪಿಸುವ ಬಿಲ್ಲೆ) ಅಂಟಿಸಿದೆ. ಅದಕ್ಕೆ 80 ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟರೆ ಸ್ಫಟಿಕದೊಳಗೆ ಸೆಕೆಂಡಿಗೆ ಸುಮಾರು 4,200 ಮೀಟರ್ ವೇಗದಲ್ಲಿ ಕಂಪನ ಹರಿಯುತ್ತದೆ. ಸುಮಾರು 52 ಮೈಕ್ರೋಮೀಟರಿಗೊಂದರಂತೆ ಒತ್ತಿಕೊಂಡ ಪದರಗಳು, ನಡುನಡುವೆ ಸಡಿಲ ಪದರಗಳು. ಇಂಥ ಸ್ಫಟಿಕ ಒಂದು ಸೆಂಟಿಮೀಟರ್ ದಪ್ಪವಿದ್ದರೆ ಬೆಳಕು ಅದನ್ನು ಸುಮಾರು 75 ಪಿಕೋಸೆಕೆಂಡಿನಲ್ಲಿ (ಒಂದು ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ದಾಟಿಬಿಡುತ್ತದೆ. ಅಷ್ಟರಲ್ಲಿ ಪದರಗಳು ಸರಿಯುವುದು ಒಂದು ಮೈಕ್ರೋಮೀಟರಿನ ಮೂರನೇ ಒಂದು ಭಾಗದಷ್ಟು. ಬೆಳಕಿನ ಪಾಲಿಗೆ ಅವು ನಿಂತೇ ಇವೆ. ಪ್ರತಿ ಪದರವೂ ಚೂರುಚೂರು ಬೆಳಕನ್ನು ಬೇರೆಡೆಗೆ ತಿರುಗಿಸುತ್ತದೆ.

ಸಿಗ್ನಲ್ ಹಾಕಿ, ಎದುರಿಗೆ ಬಿಳಿ ಕಾರ್ಡ್ ಹಿಡಿದು, ಸ್ಫಟಿಕವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ಸರಿಯಾದ ಕೋನ ಸಿಕ್ಕಾಗ ಪದರಗಳಿಂದ ಬಂದ ಅಲೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಪಕ್ಕದಲ್ಲಿ ಎರಡನೇ ಚುಕ್ಕೆ ಬೆಳಗುತ್ತದೆ, ಮೊದಲನೆಯದು ಮಂಕಾಗುತ್ತದೆ. ಕೆಂಪು ಲೇಸರ್ ಆದರೆ, ಒಂದು ಮೀಟರ್ ದೂರದಲ್ಲಿ ಎರಡು ಚುಕ್ಕೆಗಳ ಅಂತರ ಸುಮಾರು 12 ಮಿಲಿಮೀಟರ್. ಸಿಗ್ನಲ್‌ನ ಆವರ್ತನ ಏರಿಸಿದರೆ ಚುಕ್ಕೆ ಇನ್ನಷ್ಟು ದೂರ ಸರಿಯುತ್ತದೆ. ಕಡಿಮೆ ಆವರ್ತನದಲ್ಲಿ, ಶಬ್ದದ ಪಟ್ಟಿ ತೆಳುವಾಗಿದ್ದಾಗ, ಎರಡೂ ಬದಿಗೆ ಹಲವು ಚುಕ್ಕೆಗಳು ಮೂಡುತ್ತವೆ. ಅದಕ್ಕೆ 1935ರಿಂದ ಗಣಿತದ ವಿವರಣೆ ಕೊಟ್ಟವರು ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್.

ನಿಂತಂತೆ ಕಂಡರೂ ಪದರಗಳು ಚಲಿಸುತ್ತಲೇ ಇವೆಯಲ್ಲ, ಅದರ ಗುರುತು ಬೆಳಕಿನಲ್ಲಿ ಉಳಿಯುತ್ತದೆ. ನನಗೆ ಬಲು ಇಷ್ಟವಾದ ಭಾಗ ಇದೇ. ಶಬ್ದ ಸಾಗುವ ಕಡೆಗೆ ತಿರುಗಿದ ಕಿರಣದ ಆವರ್ತನ ಕರಾರುವಾಕ್ಕಾಗಿ 80 ಮೆಗಾಹರ್ಟ್ಸ್ ಹೆಚ್ಚು, ಎದುರು ಕಡೆಗೆ ತಿರುಗಿದರೆ ಅಷ್ಟೇ ಕಡಿಮೆ. ತಿರುಗಿದ ಕಿರಣವನ್ನೂ ತಿರುಗದೆ ನೇರ ಹೋದ ಕಿರಣವನ್ನೂ ಒಟ್ಟಿಗೆ ಫೋಟೋಡಯೋಡ್ (ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸಾಧನ) ಮೇಲೆ ಬೀಳಿಸಿದರೆ, ಸಿಗ್ನಲನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನಲ್ಲಿ 80 ಮೆಗಾಹರ್ಟ್ಸ್ ಅಲೆ ಕಣ್ಣಿಗೇ ಕಾಣುತ್ತದೆ.

ಕಂಪನವನ್ನು ಹೊರಗಿನಿಂದಲೇ ಕೊಡಬೇಕೆಂದೂ ಇಲ್ಲ. ಗಾಜಿನ ಅಣುಗಳು ಶಾಖದಿಂದ ಸದಾ ಕಂಪಿಸುತ್ತಿರುತ್ತವೆ. ಇಂಥ ಕಂಪನ ಬೆಳಕನ್ನು ಚದುರಿಸುತ್ತದೆ ಎಂದು ಫ್ರೆಂಚ್ ಭೌತವಿಜ್ಞಾನಿ ಲೆಯಾನ್ ಬ್ರಿಲುವಾನ್ 1922ರಲ್ಲೇ ಬರೆದಿದ್ದರು. ಬೆಳಕು ಸಾಗಿಸುವ ಗಾಜಿನ ಎಳೆಯಾದ ಆಪ್ಟಿಕಲ್ ಫೈಬರಿನಲ್ಲಿ 1,550 ನ್ಯಾನೋಮೀಟರ್ ಬೆಳಕು ಹೀಗೆ ಹಿಂದಕ್ಕೆ ಚದುರುವಾಗ ಅದರ ಆವರ್ತನ ಸುಮಾರು 11 ಗಿಗಾಹರ್ಟ್ಸ್ ಬದಲಾಗುತ್ತದೆ. ಫೈಬರ್ ಬಿಸಿಯಾದರೆ ಈ ಅಂಕಿ ಡಿಗ್ರಿಗೆ ಸುಮಾರು 1 ಮೆಗಾಹರ್ಟ್ಸ್ ಏರುತ್ತದೆ, ಎಳೆದರೂ ಬದಲಾಗುತ್ತದೆ. ಬೆಳಕಿನ ಒಂದು ಮಿಡಿತ ಕಳಿಸಿ, ಮರಳಿ ಬರಲು ಹಿಡಿದ ಸಮಯ ನೋಡಿದರೆ ಉದ್ದನೆಯ ಕೇಬಲಿನಲ್ಲಿ ಬಿಸಿಯೇರಿದ್ದು ಯಾವ ಜಾಗದಲ್ಲಿ ಎಂಬುದೂ ತಿಳಿಯುತ್ತದೆ.