ಅಮೆರಿಕದ ಅಧ್ಯಕ್ಷರು ಹುದ್ದೆಗೆ ಅಯೋಗ್ಯರಾದರೆ ತಡೆಯುವ ವ್ಯವಸ್ಥೆಯನ್ನು ಹೇಗೆ ಸರಿಪಡಿಸಬಹುದು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಅಧಿಕಾರ ಕೈಬದಲಿಸಲು ಸಂವಿಧಾನದ 25ನೇ ತಿದ್ದುಪಡಿ ಇದ್ದೂ ಅದರ 4ನೇ ಸೆಕ್ಷನ್ ಅನ್ನು ಯಾರೂ ಏಕೆ ಬಳಸಿಲ್ಲ? ಸರಿಪಡಿಸಬೇಕೆಂದರೆ ಸಂವಿಧಾನವನ್ನೇ ಮತ್ತೆ ತಿದ್ದಬೇಕೆ? ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಮುಖ್ಯ ದುರಸ್ತಿಗೆ ತಿದ್ದುಪಡಿ ಬೇಡ, ಒಂದು ಕಾಯ್ದೆ ಸಾಕು. ಅದಕ್ಕೆ ಬೇಕಾದ ಅವಕಾಶವನ್ನು 1967ರಲ್ಲೇ ಬರೆದಿಟ್ಟಿದ್ದಾರೆ. ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಅದನ್ನು ಬಳಸಿಕೊಂಡಿಲ್ಲ, ಅಷ್ಟೆ.

ಅದಕ್ಕೂ ಮುಂಚೆ 'ಅಯೋಗ್ಯ' ಎಂಬ ನಿಮ್ಮ ಪದದ ಬಗ್ಗೆ ಒಂದು ಮಾತು. 25ನೇ ತಿದ್ದುಪಡಿ ಇರುವುದು ಅಯೋಗ್ಯರಿಗಲ್ಲ, ಅಸಮರ್ಥರಿಗೆ. ಅಧ್ಯಕ್ಷರು ತಪ್ಪು ಎಸಗಿದರೆ ವಾಗ್ದಂಡನೆ ಇದೆ. ಕೆಟ್ಟದಾಗಿ ಆಳಿದರೆ ಚುನಾವಣೆ ಇದೆ. ನಮ್ಮಲ್ಲಿ ಪ್ರಧಾನಿಯನ್ನು ಇಳಿಸಲು ಕಾಯಿಲೆಯೂ ಬೇಕಿಲ್ಲ, ಅಪರಾಧವೂ ಬೇಕಿಲ್ಲ. 1997ರ ಏಪ್ರಿಲ್ 11ರಂದು ದೇವೇಗೌಡರು ಲೋಕಸಭೆಯಲ್ಲಿ ವಿಶ್ವಾಸಮತ ಸೋತರು, ಅಲ್ಲಿಗೆ ಅವರ ಸರ್ಕಾರ ಮುಗಿಯಿತು. ಅಮೆರಿಕದಲ್ಲಿ ಅಂಥ ಬಾಗಿಲು ಇಲ್ಲ. ಅದಕ್ಕಾಗಿಯೇ ಎಲ್ಲ ಸಿಟ್ಟೂ ಈ ಒಂದು ಸೆಕ್ಷನ್ ಮೇಲೆ ಬೀಳುತ್ತದೆ.

ಅದು ನಡೆಯುವ ಕ್ರಮ ಹೀಗೆ. ಉಪಾಧ್ಯಕ್ಷರು ಮತ್ತು 15 ಇಲಾಖೆಗಳ ಮುಖ್ಯಸ್ಥರಲ್ಲಿ (ಇವರೇ ಸಂಪುಟ; ನಮ್ಮ ಮಂತ್ರಿಗಳಿದ್ದಂತೆ, ಅಲ್ಲಿ ಹೆಚ್ಚಿನವರನ್ನು 'ಕಾರ್ಯದರ್ಶಿ' ಎನ್ನುತ್ತಾರೆ) ಬಹುಮತ, ಅಂದರೆ 8 ಮಂದಿ, ಅಧ್ಯಕ್ಷರು ಕರ್ತವ್ಯ ನಿರ್ವಹಿಸಲು ಅಸಮರ್ಥರು ಎಂದು ಸಹಿ ಹಾಕಿ ಕೆಳಮನೆಯ ಸ್ಪೀಕರ್‌ಗೂ ಮೇಲ್ಮನೆಯಾದ ಸೆನೆಟ್‌ನ ಹಂಗಾಮಿ ಸಭಾಪತಿಗೂ ಪತ್ರ ಕಳಿಸಬೇಕು. ಕೂಡಲೇ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾಗುತ್ತಾರೆ. ಆಮೇಲೆ ಅಧ್ಯಕ್ಷರು 'ನನಗೇನೂ ಆಗಿಲ್ಲ' ಎಂದು ಬರೆದುಕೊಟ್ಟರೆ ಅಧಿಕಾರ ಅವರಿಗೆ ಮರಳಬೇಕು. ಆದರೆ 4 ದಿನದೊಳಗೆ ಉಪಾಧ್ಯಕ್ಷರು ಮತ್ತು ಸಂಪುಟದ ಬಹುಮತ ಎರಡನೇ ಪತ್ರ ಕೊಟ್ಟರೆ ವಿಷಯ ಕಾಂಗ್ರೆಸ್ಸಿಗೆ ಹೋಗುತ್ತದೆ. ಅಧಿವೇಶನ ಇಲ್ಲದಿದ್ದರೆ 48 ಗಂಟೆಯೊಳಗೆ ಸೇರಬೇಕು, 21 ದಿನದಲ್ಲಿ ತೀರ್ಮಾನಿಸಬೇಕು. ಅಧ್ಯಕ್ಷರನ್ನು ದೂರ ಇಡಲು ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು: ಎಲ್ಲರೂ ಮತ ಹಾಕಿದರೆ 435ರಲ್ಲಿ 290, 100ರಲ್ಲಿ 67. ಮತಕ್ಕೇ ಹಾಕದೆ 21 ದಿನ ತಳ್ಳಿದರೂ ಅಧ್ಯಕ್ಷರೇ ಗೆದ್ದಂತೆ.

ಇದು ವಾಗ್ದಂಡನೆಗಿಂತ ಕಷ್ಟ; ಅಲ್ಲಿ ಕೆಳಮನೆಯಲ್ಲಿ ಸರಳ ಬಹುಮತ ಸಾಕು. ಹಾಗಾಗಿ ಮೂರನೇ ಎರಡನ್ನು ಇಳಿಸಿ ಎಂಬ ಸಲಹೆ ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಇಲ್ಲಿ ಯಾವ ಅಪರಾಧವನ್ನೂ ಸಾಬೀತು ಮಾಡಬೇಕಿಲ್ಲ. ಮಿತಿ ಇಳಿಸಿದರೆ ಉಪಾಧ್ಯಕ್ಷರೂ ಕೆಲವು ಮಂತ್ರಿಗಳೂ ಸೇರಿ ಜನರು ಆರಿಸಿದವರನ್ನು ಮೂಲೆಗೆ ಕೂರಿಸುವ ದಾರಿ ಅದೇ ಆಗುತ್ತದೆ. ಅಲ್ಲದೆ, ವಿಷಯ ಕೊನೆಯ ಮತದಾನದವರೆಗೆ ಒಮ್ಮೆಯೂ ಬಂದೇ ಇಲ್ಲ. ಅದು ನಿಲ್ಲುವುದು ಮೊದಲ ಸಹಿಯಲ್ಲಿ.

ವುಡ್ರೋ ವಿಲ್ಸನ್ ಅವರಿಗೆ 1919ರ ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿಯಿತು. 1921ರ ಮಾರ್ಚ್‌ವರೆಗೂ ಅವರೇ ಅಧ್ಯಕ್ಷರಾಗಿದ್ದರು. ವೈದ್ಯ ಕ್ಯಾರಿ ಗ್ರೇಸನ್ ಅಸಮರ್ಥತೆಗೆ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಯಾವ ಕಡತ ಒಳಗೆ ಹೋಗಬೇಕೆಂದು ಪತ್ನಿ ಈಡಿತ್ ನೋಡಿಕೊಂಡರು. ಉಪಾಧ್ಯಕ್ಷ ಥಾಮಸ್ ಮಾರ್ಷಲ್ ಹಿಂಜರಿದರು. ತಾವಾಗಿಯೇ ಸಂಪುಟ ಸಭೆ ಕರೆಯುತ್ತಿದ್ದ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲಾನ್ಸಿಂಗ್ 1920ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಆಗ ನಿಯಮ ಇರಲಿಲ್ಲ ಎನ್ನಬಹುದು. ಆದರೆ ನಿಯಮ ಬಂದ ಮೇಲೂ, 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಗುಂಡೇಟು ತಿಂದು ಶಸ್ತ್ರಚಿಕಿತ್ಸೆಯಲ್ಲಿದ್ದಾಗ, ಶ್ವೇತಭವನದ ವಕೀಲ ಫ್ರೆಡ್ ಫೀಲ್ಡಿಂಗ್ ಸಿದ್ಧಪಡಿಸಿದ್ದ ಪತ್ರಗಳಿಗೆ ಸಹಿ ಬೀಳಲಿಲ್ಲ. 2021ರ ಜನವರಿ 12ರಂದು ಕೆಳಮನೆ 223–205 ಮತಗಳಿಂದ ಅಧ್ಯಕ್ಷ ಟ್ರಂಪ್ ವಿರುದ್ಧ ಈ ಸೆಕ್ಷನ್ ಬಳಸಿ ಎಂದು ಉಪಾಧ್ಯಕ್ಷ ಪೆನ್ಸ್ ಅವರನ್ನು ಕೇಳಿತು. ಅವರು ಅದೇ ದಿನ ಪತ್ರ ಬರೆದು ನಿರಾಕರಿಸಿದ್ದರು.

ಕಾರಣ ಕಣ್ಣೆದುರೇ ಇದೆ. ಸಂಪುಟದವರನ್ನು ನೇಮಿಸಿದ್ದು ಅಧ್ಯಕ್ಷರು, ವಜಾ ಮಾಡುವುದೂ ಅವರೇ. ಬೆಳಗ್ಗೆ ಮಾತು ಶುರುವಾದ ಸುಳಿವು ಸಿಕ್ಕರೆ ಸಂಜೆಯೊಳಗೆ ಎಂಟರ ಲೆಕ್ಕ ತಪ್ಪುತ್ತದೆ. ಉಂಡ ಮನೆಯ ಜಂತೆ ಎಣಿಸಿದರು ಎನ್ನಿಸಿಕೊಳ್ಳಲು ಯಾರೂ ಮೊದಲಿಗರಾಗುವುದಿಲ್ಲ.

ದಾರಿ ಇರುವುದು ಸೆಕ್ಷನ್‌ನ ನಡುವಿನ ಕೆಲವೇ ಪದಗಳಲ್ಲಿ: ಸಂಪುಟದ ಬಹುಮತ, ಅಥವಾ 'ಕಾಂಗ್ರೆಸ್ ಕಾಯ್ದೆಯ ಮೂಲಕ ನೇಮಿಸುವ ಬೇರೊಂದು ಮಂಡಳಿ'ಯ ಬಹುಮತ. ಮೇರಿಲ್ಯಾಂಡ್‌ನ ಕೆಳಮನೆ ಸದಸ್ಯ ಜೇಮಿ ರಾಸ್ಕಿನ್ 2017ರಲ್ಲೂ 2020ರಲ್ಲೂ ಇದಕ್ಕಾಗಿ ಮಸೂದೆ ಮಂಡಿಸಿದರು, ಎರಡೂ ಕಾಯ್ದೆಯಾಗಲಿಲ್ಲ. ಮತ್ತೆ ಬರೆಯುವುದಾದರೆ ಗಮನಿಸಬೇಕಾದ ಸಂಗತಿಗಳನ್ನು ಹೇಳುತ್ತೇನೆ.

ಸದಸ್ಯರು 17 ಇರಲಿ. ಎರಡೂ ಮನೆಗಳ ಎರಡೂ ಪಕ್ಷಗಳ ನಾಯಕರು ತಲಾ 4 ಮಂದಿಯನ್ನು ನೇಮಿಸಲಿ, ಆ 16 ಮಂದಿ ಸೇರಿ ಅಧ್ಯಕ್ಷತೆಗೆ ಒಬ್ಬರನ್ನು ಆರಿಸಲಿ. ನಿರ್ಣಯಕ್ಕೆ ಒಂಬತ್ತಕ್ಕಿಂತ ಹೆಚ್ಚು ಮತ ಬೇಕೆಂದು ಕಾಯ್ದೆಯಲ್ಲಿ ಬರೆಯಹೋದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ, ಏಕೆಂದರೆ ಸಂವಿಧಾನ 'ಬಹುಮತ' ಎಂದಷ್ಟೇ ಹೇಳಿದೆ. ಆದ್ದರಿಂದ ಸಮತೋಲನವನ್ನು ನೇಮಕದಲ್ಲೇ ತರಬೇಕು. ಬರೀ ವೈದ್ಯರ ಮಂಡಳಿ ಬೇಡ. ರೋಗ ಯಾವುದೆಂದು ವೈದ್ಯರು ಹೇಳಬಲ್ಲರು; ಆ ರೋಗ ಹೊತ್ತು ಈ ಹುದ್ದೆ ನಡೆಸಬಹುದೇ ಎಂಬುದನ್ನು ಆಡಳಿತ ಕಂಡವರು, ಅಂದರೆ ಮಾಜಿ ಕಾರ್ಯದರ್ಶಿಗಳಂಥವರು, ಹೇಳಬೇಕು. ಅರ್ಧಕ್ಕರ್ಧ ಇಟ್ಟರೆ ಸರಿಹೋಗುತ್ತದೆ.

ಪರೀಕ್ಷೆ ಮಾಡುವ ಅಧಿಕಾರ ಮಂಡಳಿಗೆ ಇರಲೇಬೇಕು. ಪರೀಕ್ಷಿಸದ ವ್ಯಕ್ತಿಯ ಮನಸ್ಥಿತಿಯ ಬಗ್ಗೆ ಸಾರ್ವಜನಿಕವಾಗಿ ಅಭಿಪ್ರಾಯ ಕೊಡಬಾರದೆಂದು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ನಿಯಮ ಮಾಡಿದೆ. ಟಿವಿ ನೋಡಿ ಬರೆದ ವರದಿಗೆ ಬೆಲೆ ಇಲ್ಲ. ಅಧ್ಯಕ್ಷರನ್ನು ಬಲವಂತವಾಗಿ ಪರೀಕ್ಷೆಗೆ ಎಳೆಯಲಾಗದು, ನಿಜ. ಆದರೆ ಅವರು ನಿರಾಕರಿಸಿದ ಸಂಗತಿಯನ್ನೂ ಮಂಡಳಿ ಗಣನೆಗೆ ತೆಗೆದುಕೊಳ್ಳಬಹುದು ಎಂದು ಬರೆಯಬಹುದು. ಖಾಲಿಯಾದ ಸ್ಥಾನಕ್ಕೆ ನೇಮಿಸಿದವರೇ 30 ದಿನದಲ್ಲಿ ಹೊಸಬರನ್ನು ಕೊಡಬೇಕೆಂಬ ಗಡುವು ಹಾಕಿ. ಇಲ್ಲದಿದ್ದರೆ ಕುರ್ಚಿ ಖಾಲಿ ಬಿಟ್ಟೇ ಮಂಡಳಿಯನ್ನು ಕೊಲ್ಲುತ್ತಾರೆ. ಮಂಡಳಿ ಬಂದ ಮೇಲೂ ಸಂಪುಟದ ಅಧಿಕಾರ ಉಳಿಯುತ್ತದೆಯೇ ಎಂಬುದಕ್ಕೆ ಎರಡು ಬಗೆಯ ಓದು ಇರುವುದರಿಂದ ಅದನ್ನೂ ಕಾಯ್ದೆ ಸ್ಪಷ್ಟಪಡಿಸಬೇಕು. ಹಂಗಾಮಿ ಕಾರ್ಯದರ್ಶಿಗಳ ಸಹಿ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನೂ.

ಅಧ್ಯಕ್ಷರು 'ನನಗೇನೂ ಆಗಿಲ್ಲ' ಎಂದು ಬರೆದುಕೊಟ್ಟ ಮೇಲಿನ ಆ 4 ದಿನ ದೇಶ ಯಾರ ಕೈಯಲ್ಲಿ? ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದೇ. ಕರಡು ಬರೆದವರ ಉದ್ದೇಶ ಉಪಾಧ್ಯಕ್ಷರೇ ಮುಂದುವರಿಯಲಿ ಎಂದು. ವಾಕ್ಯದ ಜೋಡಣೆ ಮಾತ್ರ ಗೊಂದಲಕ್ಕೆ ಎಡೆಕೊಡುತ್ತದೆ. ಇಬ್ಬರು ತಾವೇ ಸೇನೆಯ ಮಹಾದಂಡನಾಯಕರು ಎಂದು ಆದೇಶ ಕೊಟ್ಟರೆ ಅಧಿಕಾರಿಗಳು ಯಾರ ಮಾತು ಕೇಳಬೇಕು? ಇದಕ್ಕೆ ಉತ್ತರವನ್ನು ಕಾಯ್ದೆಯಲ್ಲೂ ರಕ್ಷಣಾ ಇಲಾಖೆಯ ಲಿಖಿತ ಸೂಚನೆಯಲ್ಲೂ ಮೊದಲೇ ಬರೆದಿಡಬೇಕು. 21 ದಿನದ ಚರ್ಚೆಗಂತೂ ಕಾಯ್ದೆಯೂ ಬೇಕಿಲ್ಲ. ಎರಡೂ ಮನೆಗಳು ತಮ್ಮ ನಿಯಮಾವಳಿಗೆ, 20ನೇ ದಿನದೊಳಗೆ ಮತದಾನ ಕಡ್ಡಾಯ, ವೈದ್ಯರ ಸಾಕ್ಷ್ಯ ಮುಚ್ಚಿದ ಕೋಣೆಯಲ್ಲಿ ಎಂದು ಸೇರಿಸಿಕೊಂಡರೆ ಸಾಕು.

ಕಾಯ್ದೆಗೆ ಎಟುಕದ್ದು ಎರಡು. ಮಂಡಳಿ ಎಷ್ಟೇ ಗಟ್ಟಿಯಾಗಿದ್ದರೂ ಉಪಾಧ್ಯಕ್ಷರ ಸಹಿ ಇಲ್ಲದೆ ಏನೂ ನಡೆಯದು. ಉಪಾಧ್ಯಕ್ಷರೇ ಇಲ್ಲದಾಗ 4ನೇ ಸೆಕ್ಷನ್ ಸತ್ತಂತೆ. ಉಪಾಧ್ಯಕ್ಷ ಆಗ್ನ್ಯೂ ರಾಜೀನಾಮೆ ಕೊಟ್ಟ 1973ರ ಅಕ್ಟೋಬರ್ 10ರಿಂದ ಅವರ ಜಾಗಕ್ಕೆ ಬಂದ ಫೋರ್ಡ್ ಪ್ರಮಾಣವಚನ ತೆಗೆದುಕೊಂಡ ಡಿಸೆಂಬರ್ 6ರವರೆಗೆ, 57 ದಿನ, ಅದೂ ವಾಟರ್‌ಗೇಟ್ ಹಗರಣದ ನಡುವೆ, ಹೀಗೇ ಇತ್ತು. ಇದನ್ನು ಮುಚ್ಚಲು ತಿದ್ದುಪಡಿಯೇ ಬೇಕು: ಎರಡೂ ಮನೆಗಳಲ್ಲಿ ಮೂರನೇ ಎರಡು, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ. ಸದ್ಯಕ್ಕೆ ಆಗುವ ಕೆಲಸವಲ್ಲ.

ಕೊನೆಯದಾಗಿ, ಇಂಥ ಮಸೂದೆಗಳು ಬಿದ್ದುಹೋಗುವ ಜಾಗ. ಮಂಡಳಿಯ ಕಾಯ್ದೆಗೂ ಅಧ್ಯಕ್ಷರ ಅಂಕಿತ ಬೇಕು. ಯಾರ ಮೇಲೆ ಸಂಶಯವೋ ಅವರ ಮೇಜಿಗೇ ಮಸೂದೆ ಹೋಗುತ್ತದೆ, ಅವರು ವೀಟೊ ಹಾಕುತ್ತಾರೆ, ಅದನ್ನು ಮೀರಲು ಮತ್ತೆ ಮೂರನೇ ಎರಡು ಬೇಕು. ಒಬ್ಬರನ್ನು ಗುರಿಯಿಟ್ಟು ತಂದರೆ ಅವರ ಪಕ್ಷ ಒಂದಾಗಿ ವಿರೋಧಿಸುತ್ತದೆ. ಹಾಗಾಗಿ ಮಸೂದೆಯ ಮೊದಲ ಸಾಲಿನಲ್ಲೇ ಜಾರಿಯ ದಿನಾಂಕ ಹಾಕಿ: ಮುಂದಿನ ಅಧ್ಯಕ್ಷೀಯ ಅವಧಿ ಶುರುವಾಗುವ ಜನವರಿ 20ರ ಮಧ್ಯಾಹ್ನ 12 ಗಂಟೆ. ಆಗ ಅಂಕಿತ ಹಾಕುವ ಅಧ್ಯಕ್ಷರಿಗೆ ಈ ಅವಧಿಯಲ್ಲಿ ಕಳೆದುಕೊಳ್ಳುವುದು ಏನೂ ಇರುವುದಿಲ್ಲ, ಮುಂದೆ ಆ ಕುರ್ಚಿಯಲ್ಲಿ ಯಾರ ಪಕ್ಷದವರು ಕೂರುತ್ತಾರೆಂದು ಮತ ಹಾಕುವವರಿಗೂ ಗೊತ್ತಿರುವುದಿಲ್ಲ.