ಸಂಪಾದಕರ ಉತ್ತರ: ಕಾರ್ನರ್ ಹುಡುಗ ಕವರ್‌ಗೆ ಯಾಕೆ ಬಂದ?

ಮಾಸ್ತರರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಹದಿನೈದು ದಿನವಾಯಿತು. ಸಿಂಧನೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಪಿ.ಟಿ. ಮಾಸ್ತರಿಕೆ ಮಾಡಿ, ಗಂಡುಮಕ್ಕಳದ್ದೂ ಹೆಣ್ಣುಮಕ್ಕಳದ್ದೂ ಕಬಡ್ಡಿ ತಂಡ ಕಟ್ಟಿ ನಿವೃತ್ತರಾದವರು ನೀವು. ನಿಮಗೆ ಎರಡು ಸಾಲಿನಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗ ಸಾಲದು. ಬೇರೆ ಓದುಗರಿಗೆ ಸಂಗತಿ ತಿಳಿಯಲೆಂದು ತಿರುಳನ್ನಷ್ಟೇ ಹೇಳುತ್ತೇನೆ.

ಹೋದ ಸಂಚಿಕೆಯಲ್ಲಿ ಕೊಪ್ಪಳ ಜಿಲ್ಲೆಯ ಒಂದು ಜಾತ್ರೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ವರದಿ ಇತ್ತು. ಬರೆದವಳು ನಮ್ಮ ವರದಿಗಾರ್ತಿ. ಫೈನಲ್ ಮುಗಿದ ಮೇಲೆ ಗೆದ್ದ ತಂಡದ ನಾಯಕನ ಹತ್ತಿರ ಹೋಗಿ ಆಟದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಾಳೆ. ಅವನು, "ಕಬಡ್ಡಿ ಬಿಡ್ರಿ ಮೇಡಂ, ನಿಮ್ದು ಮದುವಿ ಆಗೈತಿಲ್ಲೋ ಅದನ್ನ ಹೇಳ್ರಿ ಮೊದ್ಲು" ಅಂದಿದ್ದಾನೆ. ಸುತ್ತ ನಿಂತವರು ಹೋ ಎಂದು ನಕ್ಕಿದ್ದಾರೆ. ವರದಿಯ ಕೊನೆಗೆ ಅವಳು ಇದನ್ನೂ ಬರೆದಳು, ನಾವು ಹಾಕಿದೆವು. ಹುಡುಗನ ಹೆಸರಾಗಲಿ ತಂಡದ ಹೆಸರಾಗಲಿ ಆ ಸಾಲಿನಲ್ಲಿ ಇರಲಿಲ್ಲ. ಆದರೂ ಊರವರಿಗೆ ಗೊತ್ತಾಗಿದೆ.

ಆ ಹುಡುಗ ನಿಮ್ಮ ಶಿಷ್ಯನಂತೆ. ಬಡವರ ಮನೆಯವನು, ನಗೆಚಾಟಿಕೆಗೆ ಅಂದದ್ದನ್ನು ಅಚ್ಚು ಹಾಕಿ ಅವನ ಮಾನ ಕಳೆದಿರಿ ಎಂದು ಬರೆದಿದ್ದೀರಿ. ಮೈದಾನಕ್ಕೆ ಬಂದ ಹೆಣ್ಣುಮಗಳು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಡಬೇಕು ಎಂದಿದ್ದೀರಿ. ಕ್ರಿಕೆಟಿಗ ಕ್ರಿಸ್ ಗೇಲ್‌ನಂಥವನು ಟಿವಿಯಲ್ಲೇ ಹೀಗೆ ಅಂದಾಗ ಲೋಕ ನಕ್ಕಿತ್ತಲ್ಲ ಎಂದು ಕೇಳಿದ್ದೀರಿ. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು, "ನಿಮ್ಮ ಹುಡುಗಿಗೆ ಸೂಪರ್ ಟ್ಯಾಕಲ್ ಅಂದರೇನೆಂದೇ ಗೊತ್ತಿಲ್ಲ, ಅಂಥವರು ಪ್ರಶ್ನೆ ಕೇಳಿದರೆ ಹುಡುಗರು ಇನ್ನೇನು ಹೇಳ್ಯಾರು?" ಎಂದಿದ್ದೀರಿ.

ಆ ಎರಡು ಗೆರೆಯಿಂದಲೇ ಶುರು ಮಾಡುತ್ತೇನೆ. ಅಂಕಣದಲ್ಲಿ ನಾಲ್ವರು ಡಿಫೆಂಡರ್‌ಗಳಿದ್ದಾಗ ರೈಡರನ್ನು ಕೆಡವಿ ಸೂಪರ್ ಟ್ಯಾಕಲ್‌ನ ಎರಡು ಅಂಕ ಪಡೆದರು ಎಂದು ಅಚ್ಚಾಗಿದೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ಹಿಡಿದರೆ ಮಾತ್ರ ಅದು ಸೂಪರ್ ಟ್ಯಾಕಲ್. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ತಪ್ಪು ಅವಳದಲ್ಲ ಮಾಸ್ತರರೇ, ನನ್ನದು. ಅವಳು ವಾಟ್ಸಾಪಿನಲ್ಲಿ ಕಳಿಸಿದ ಕಾಪಿಯನ್ನು ಮತ್ತೆ ತೆಗೆದು ನೋಡಿದೆ. "ಮೂವರೇ ಉಳಿದಿದ್ದಾಗ" ಎಂದೇ ಇದೆ. ಪುಟ ಕಟ್ಟುವ ರಾತ್ರಿ ನಾನು ಫೋಟೊ ನೋಡಿದೆ, ತಲೆ ಎಣಿಸಿದೆ, ನಾಲ್ಕು ಬಂತು. ಪಾಪ, ಗಡಿಬಿಡಿಯಲ್ಲಿ ತಪ್ಪಿದ್ದಾಳೆ ಎಂದುಕೊಂಡು ತಿದ್ದಿಬಿಟ್ಟೆ. ನಾಲ್ಕನೆಯ ತಲೆ ಕೆಳಗೆ ಬಿದ್ದಿದ್ದ ರೈಡರನದು! ಹಿಡಿದವರ ಜೊತೆ ಸಿಕ್ಕಿಬಿದ್ದವನನ್ನೂ ಸೇರಿಸಿ ಎಣಿಸಿದ್ದೆ. ಅವಳಿಗೊಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಅದೇ ಕಾಪಿ ನಮ್ಮ ಗಂಗಾವತಿಯ ವರದಿಗಾರನದಾಗಿದ್ದರೆ ಮಾಡುತ್ತಿದ್ದೆ ಎಂದು ಕಾಣುತ್ತದೆ. ಅವನಿಗೆ ಕಬಡ್ಡಿಯ ಗಂಧಗಾಳಿಯೂ ಇಲ್ಲ, ಆದರೂ ಮಾಡುತ್ತಿದ್ದೆ.

ತಿದ್ದುಪಡಿ ಈ ಸಂಚಿಕೆಯ ಮೊದಲ ಪುಟದಲ್ಲೇ ಇದೆ.

ಇಂಥದ್ದೇ ಒಂದು ಇಂಗ್ಲೆಂಡಿನಲ್ಲಿ 2011ರ ಜನವರಿಯಲ್ಲಿ ನಡೆದಿತ್ತು. ವುಲ್ವ್ಸ್ ಮತ್ತು ಲಿವರ್‌ಪೂಲ್ ನಡುವಿನ ಫುಟ್‌ಬಾಲ್ ಪಂದ್ಯಕ್ಕೆ ಸಿಯಾನ್ ಮಾಸ್ಸಿ ಎಂಬಾಕೆ ಗೆರೆಯ ಪಕ್ಕದ ಸಹಾಯಕ ರೆಫರಿ. ಸ್ಕೈ ಸ್ಪೋರ್ಟ್ಸ್ ಟಿವಿ ಚಾನೆಲ್‌ನ ಆ್ಯಂಡಿ ಗ್ರೇ ಮತ್ತು ರಿಚರ್ಡ್ ಕೀಸ್ ಪ್ರಸಾರದಲ್ಲಿಲ್ಲ ಎಂದುಕೊಂಡು, ಹೆಂಗಸರಿಗೆ ಆಫ್‌ಸೈಡ್ ನಿಯಮ ಎಲ್ಲಿ ಗೊತ್ತಾಗುತ್ತದೆ ಎಂದು ಮಾತಾಡಿಕೊಂಡರು. ಅದು ಹೊರಗೆ ಬಂತು. ಆ ಪಂದ್ಯದಲ್ಲಿ ಆಫ್‌ಸೈಡ್ ಅಲ್ಲ ಎಂದು ಬಾವುಟ ಎತ್ತದೆ ನಿಂತ ಆಕೆಯ ತೀರ್ಮಾನ ಮರುಪ್ರಸಾರದಲ್ಲಿ ನೋಡಿದರೆ ಸರಿಯಾಗಿಯೇ ಇತ್ತು. ಗ್ರೇ ತಮ್ಮದೇ ಚಾನೆಲ್‌ನ ನಿರೂಪಕಿಯೊಬ್ಬರಿಗೆ ಆಡಿದ್ದ ಅಸಭ್ಯ ಮಾತಿನ ತುಣುಕೂ ಆಮೇಲೆ ಹೊರಬಂತು. ಅವರನ್ನು ಕೆಲಸದಿಂದ ತೆಗೆದರು, ಕೀಸ್ ರಾಜೀನಾಮೆ ಕೊಟ್ಟರು. ಅವರ ಕೆಲಸ ಹೋದದ್ದು ನನಗೆ ಅಷ್ಟು ಮುಖ್ಯವಲ್ಲ. ಗಂಡಸು ತಪ್ಪಿದರೆ "ಅವನು ತಪ್ಪಿದ" ಅನ್ನುತ್ತೇವೆ. ಹೆಂಗಸು ತಪ್ಪುವ ಮೊದಲೇ "ಇವರಿಗೆಲ್ಲಿ ಗೊತ್ತಾಗುತ್ತೆ" ಅನ್ನುತ್ತೇವೆ. ಹಾಗೆ ಅಂದವರಲ್ಲಿ ನೀವೂ ಇದ್ದೀರಿ, ಪೆನ್ನು ಹಿಡಿದ ನಾನೂ ಇದ್ದೇನೆ.

ಇನ್ನು ಗೇಲ್. ಅದು 2016ರ ಜನವರಿ, ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಲೀಗ್ ಕ್ರಿಕೆಟ್. ಔಟಾಗಿ ಬಂದ ಗೇಲ್‌ನನ್ನು ಟಿವಿ ವರದಿಗಾರ್ತಿ ಮೆಲ್ ಮೆಕ್‌ಲಾಫ್ಲಿನ್ ಗೆರೆಯ ಪಕ್ಕ ನಿಲ್ಲಿಸಿಕೊಂಡು ಆಟದ ಬಗ್ಗೆ ಕೇಳಿದರು. ಇವನು, ನಿನ್ನ ಕಣ್ಣು ನೋಡಲಿಕ್ಕೇ ಬಂದೆ, ಪಂದ್ಯ ಗೆದ್ದರೆ ಆಮೇಲೆ ಜೊತೆಗೆ ಕುಡಿಯೋಣ, ನಾಚಿಕೊಳ್ಳಬೇಡ ಎಂದ. ನೀವಂದಂತೆ ಕೆಲವರು ನಕ್ಕರು. ಅವನ ತಂಡ ಮೆಲ್ಬರ್ನ್ ರೆನೆಗೇಡ್ಸ್ ನಗಲಿಲ್ಲ, 10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಈಗ ನೀವೇ ನೆನಪು ಮಾಡಿಕೊಳ್ಳಿ: ಅವತ್ತು ಅವನು ಯಾವ ಬೌಲರನನ್ನು ಹೇಗೆ ಓದಿದ, ಪಿಚ್ ಹೇಗಿತ್ತು, ಏನಾದರೂ ಹೇಳಿದನೇ? ಅವನಂಥ ಬ್ಯಾಟ್ಸ್‌ಮನ್ ಆಟದ ಬಗ್ಗೆ ಒಂದು ನಿಮಿಷ ಮಾತಾಡಿದ್ದರೆ ನಮ್ಮ ಬಳ್ಳಾರಿಯ ಟೆನಿಸ್ ಬಾಲ್ ಹುಡುಗರು ಎಷ್ಟು ಕಲಿಯುತ್ತಿದ್ದರು! ಆ ನಿಮಿಷವನ್ನು ಅವಳ ಕಣ್ಣು ನುಂಗಿತು, ಅವಳ ತಪ್ಪಿಲ್ಲದೆ.

ಅಮೆರಿಕದಲ್ಲೂ ಹೀಗೇ ಆಯಿತು. 2017ರ ಅಕ್ಟೋಬರಿನಲ್ಲಿ ಜೋರ್ಡನ್ ರೋಡ್ರಿಗ್ ಎಂಬ ವರದಿಗಾರ್ತಿ ಕ್ಯಾಮ್ ನ್ಯೂಟನ್ ಎಂಬ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಆಟಗಾರನಿಗೆ, ಅವನ ತಂಡದವನೊಬ್ಬ ಓಡುವ ದಾರಿಯ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳಿದರು. ಹೆಣ್ಣೊಬ್ಬಳು ಇದರ ಬಗ್ಗೆ ಮಾತಾಡುವುದು ತಮಾಷೆಯಾಗಿದೆ ಎಂದು ಅವನು ಮುಗುಳ್ನಕ್ಕ. ಮೊಸರು ಮಾರುವ ಡ್ಯಾನನ್ ಕಂಪನಿ ಅವನ ಜಾಹೀರಾತು ಕೈಬಿಟ್ಟಿತು, ಅವನು ಕ್ಷಮೆ ಕೇಳಿದ. ಜನರಿಗೆ ನೆನಪಿರುವುದು ಮೊಸರು. ಪ್ರಶ್ನೆ ಏನಿತ್ತೆಂದು ಯಾರಿಗೂ ನೆನಪಿಲ್ಲ.

ಕೊಪ್ಪಳದ ಆ ರಾತ್ರಿಗೆ ಬರುತ್ತೇನೆ. ವರದಿಯಲ್ಲಿ ಬಾರದ ಒಂದು ಸಂಗತಿ ಇದೆ. ಆಟಗಾರರು ಬಟ್ಟೆ ಬದಲಿಸಲು ಪಕ್ಕದ ಶಾಲೆಯ ಒಂದು ಕೋಣೆ ಕೊಟ್ಟಿದ್ದರು. ಪಂದ್ಯ ಮುಗಿದ ಮೇಲೆ ಗಂಡು ವರದಿಗಾರರು ನೇರ ಒಳಗೆ ಹೋದರು. ಬಾಗಿಲಲ್ಲಿ ನಿಂತ ಹಿರಿಯರೊಬ್ಬರು ನಮ್ಮ ಹುಡುಗಿಗೆ, "ನೀ ಇಲ್ಲೇ ನಿಂದ್ರವ್ವ, ಹುಡುಗರು ಬರ್ತಾರ" ಅಂದರು. ಒರಟಾಗಿ ಅಲ್ಲ, ಪ್ರೀತಿಯಿಂದಲೇ. ವರಾಂಡದಲ್ಲಿ ನೀರಿನ ಕ್ಯಾನಿನ ಪಕ್ಕ, ಟ್ಯೂಬ್‌ಲೈಟಿನ ಹುಳಗಳ ಕೆಳಗೆ ಮುಕ್ಕಾಲು ಗಂಟೆ ನಿಂತಳು. ನಾಯಕ ಹೊರಗೆ ಬರುವ ಹೊತ್ತಿಗೆ ಅವನ ಸುತ್ತ ಇಪ್ಪತ್ತು ಜನ ಗೆಳೆಯರಿದ್ದರು, ಎಲ್ಲರಿಗೂ ಗೆಲುವಿನ ಅಮಲು. ಆ ಇಪ್ಪತ್ತು ಜನರ ಎದುರು ಅವನು ಹಾಗೆ ಅಂದದ್ದು. ಕೋಣೆಯೊಳಗೆ ಉಳಿದ ವರದಿಗಾರರ ಜೊತೆ ಅವಳನ್ನೂ ಕೂರಿಸಿ ಮಾತಾಡಿದ್ದರೆ ಅನ್ನುತ್ತಿರಲಿಲ್ಲವೇನೋ. ಇಪ್ಪತ್ತೆರಡರ ಹುಡುಗ, ನೋಡುವವರಿದ್ದರು, ಅಂದ.

ಬಾಗಿಲಿನ ಈ ಜಗಳ ಹಳೆಯದು. 1977ರಲ್ಲಿ ಅಮೆರಿಕದ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಮೆಲಿಸಾ ಲುಡ್ಕಿಯನ್ನು ಆಟಗಾರರ ಕೋಣೆಗೆ ಬಿಡಲಿಲ್ಲ, ಗಂಡು ವರದಿಗಾರರನ್ನು ಬಿಟ್ಟರು. ಆಕೆ ಕೋರ್ಟಿಗೆ ಹೋದರು. ಮರುವರ್ಷ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಆಕೆಯ ಪರ ತೀರ್ಪು ಕೊಟ್ಟರು. ಬತ್ತಲೆ ಗಂಡಸರನ್ನು ನೋಡುವ ಚಟ ಎಂದು ಆಗ ಎಷ್ಟು ಜನ ಲೇವಡಿ ಮಾಡಿದರೋ. ಆಟಗಾರರಿಗೊಂದು ಟವೆಲ್ಲು, ಕೋಣೆಗೊಂದು ಪರದೆ ಸಾಕಿತ್ತು. ನಮ್ಮ ಶಾಲೆಯ ವರಾಂಡದಲ್ಲಿ ಇನ್ನೂ ಸುಲಭ. ನಾಲ್ಕು ಕುರ್ಚಿ ಹೊರಗೆ ಹಾಕಿ, ಎಲ್ಲ ವರದಿಗಾರರನ್ನೂ ಅಲ್ಲೇ ಕೂರಿಸಿದರಾಯಿತು.

ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಡುವ ಮಾತು. ಇದನ್ನು ನಾನೂ ಒಬ್ಬಳಿಗೆ ಹೇಳಿದ್ದೆ. ಇಪ್ಪತ್ತು ವರ್ಷದ ಹಿಂದೆ, ಬೇರೊಂದು ಪತ್ರಿಕೆಯಲ್ಲಿದ್ದಾಗ, ಬಳ್ಳಾರಿಯ ಕ್ರಿಕೆಟ್ ಪಂದ್ಯಗಳಿಗೆ ಒಬ್ಬ ಹುಡುಗಿಯನ್ನು ಕಳಿಸುತ್ತಿದ್ದೆ. ಮೆಟ್ಟಿಲ ಮೇಲೆ ಕೂತ ಒಂದು ಗುಂಪು ದಿನಾ ಏನೇನೋ ಕೂಗುತ್ತಿತ್ತು. ಮೊದಲು ಕಿವಿಗೆ ಹಾಕ್ಕೋಬೇಡವ್ವ ಅಂದೆ. ಅವಳು ಎರಡನೇ ಸಲ ಬಂದು ಹೇಳಿದಾಗ, ನಾಳೆಯಿಂದ ಹೋಗಬೇಡ ಎಂದು ರಂಗೋಲಿ, ಅಡುಗೆಯ ಪುಟ ಕೊಟ್ಟೆ. ಅವಳ ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡಿದ್ದೆ. ಆರು ತಿಂಗಳಿಗೆ ಕೆಲಸ ಬಿಟ್ಟಳು. ಮೇಜಿನ ಡ್ರಾಯರ್‌ನಲ್ಲಿ ಬಿಟ್ಟುಹೋದ ಅವಳ ಉದ್ದ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. ಕೊನೆಯ ಪುಟದಲ್ಲಿ ಒಂದು ಓವರ್: ಚುಕ್ಕಿ, ಒಂದು, ನಾಲ್ಕು, ವೈಡ್, ಚುಕ್ಕಿ. ಆಮೇಲೆ ಖಾಲಿ. ಮೆಟ್ಟಿಲ ಮೇಲಿನವರಲ್ಲಿ ಒಬ್ಬರು ಈಗ ಪಂದ್ಯಾವಳಿಗಳ ವೇದಿಕೆಯ ಮೇಲೆ ಶಾಲು ಹಾಕಿಸಿಕೊಳ್ಳುತ್ತಾರೆ.

ಹೋಗುವವರು ಯಾವಾಗಲೂ ಅವರೇ. 1990ರಲ್ಲಿ ಅಮೆರಿಕದ ಬಾಸ್ಟನ್ ಹೆರಾಲ್ಡ್ ಪತ್ರಿಕೆಯ ಲಿಸಾ ಓಲ್ಸನ್ ಆಟಗಾರರ ಕೋಣೆಯಲ್ಲಿ ತಮಗಾದ ಅಸಭ್ಯ ವರ್ತನೆಯನ್ನು ಹೇಳಿದ್ದಕ್ಕೆ ಅಭಿಮಾನಿಗಳು ಎಷ್ಟು ಕಾಡಿದರೆಂದರೆ, ಆಕೆ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ನಮ್ಮಲ್ಲಿ ನೋಡಿ: 2016ರ ಆಗಸ್ಟಿನಲ್ಲಿ ಫ್ಲಾರಿಡಾದಲ್ಲಿ ನಮ್ಮ ಸ್ಟುವರ್ಟ್ ಬಿನ್ನಿ ಒಂದೇ ಓವರಿನಲ್ಲಿ 32 ರನ್ ಕೊಟ್ಟರು. ಬೈಗುಳ ಬಿದ್ದದ್ದು ಅವರ ಹೆಂಡತಿ, ಕ್ರೀಡಾ ನಿರೂಪಕಿ ಮಯಂತಿ ಲ್ಯಾಂಗರ್‌ಗೆ! ಬೌಲ್ ಮಾಡಿದವನು ಗಂಡ. ಯಾವ ಕಿವಿಯಿಂದ ಕೇಳಿ ಯಾವ ಕಿವಿಯಿಂದ ಬಿಡಬೇಕು?

ಮದುವೆಯ ಪ್ರಶ್ನೆಯಲ್ಲಿ ಆಟಗಾರರಿಗಿಂತ ನಮ್ಮ ಕಸುಬಿನವರೇ ಮುಂದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹೆಸರಾಂತ ಪತ್ರಕರ್ತ ರಾಜ್‌ದೀಪ್ ಸರ್ದೇಸಾಯಿ 2016ರಲ್ಲಿ ಸಾನಿಯಾ ಮಿರ್ಜಾಗೆ, ಸಂಸಾರ ಅಂತ ನೆಲೆ ನಿಲ್ಲುವುದು ಯಾವಾಗ, ತಾಯ್ತನ ಯಾವಾಗ ಎಂದು ಕೇಳಿದ್ದರು. ಆಗ ಆಕೆ ಡಬಲ್ಸ್‌ನಲ್ಲಿ ಜಗತ್ತಿಗೇ ನಂಬರ್ ಒನ್. ಅದೇ ಸಾಧನೆ ಅಲ್ಲವೇ ಎಂದು ಆಕೆ ತಿರುಗಿಸಿ ಕೇಳಿದಾಗ ಅವರು ಅಲ್ಲೇ ಕ್ಷಮೆ ಕೇಳಿದರು, ಗಂಡು ಆಟಗಾರನಿಗೆ ಇದನ್ನು ಕೇಳುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಮರುವರ್ಷ ವಿಶ್ವಕಪ್ಪಿಗೆ ಮುಂಚೆ ಮಿಥಾಲಿ ರಾಜ್‌ಗೆ ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಇನ್ನೊಬ್ಬರು ಕೇಳಿ, ಗಂಡಸರಿಗೆ ಮೆಚ್ಚಿನ ಮಹಿಳಾ ಕ್ರಿಕೆಟಿಗರು ಯಾರೆಂದು ಕೇಳುತ್ತೀರಾ ಅನ್ನಿಸಿಕೊಂಡರು. ನಿಮ್ಮ ಶಿಷ್ಯ ಕಲಿತದ್ದು ಎಲ್ಲಿಂದಲೋ, ಅದರಲ್ಲಿ ನಮ್ಮ ಪಾಲೂ ಇದೆ.

ಕೇಸ್ ಹಾಕ್ತೀರೇನು ಎಂದೂ ಕೇಳಿದ್ದೀರಿ. ಇಲ್ಲ. ಅವಳಿಗೆ ಬೇಡ. ಬೇಕೆಂದರೆ ದಾರಿ ಇದೆ ಎಂಬುದು ಬೇರೆ ಊರಿನ ವರದಿಗಾರ್ತಿಯರಿಗೆ ಗೊತ್ತಿರಲಿ: ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಮೇಲೆ ಹೋದ ಜಾಗವೂ ಕೆಲಸದ ಸ್ಥಳವೇ. ಸಂಬಳದವರು, ಅರೆಕಾಲಿಕರು ಎಂಬ ಭೇದವಿಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ನಮ್ಮಂಥ ಕಚೇರಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಮೂರು ತಿಂಗಳೊಳಗೆ.

ಹುಡುಗನ ಮಾನದ ಬಗ್ಗೆ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಮುಂದೆ ಪೊಲೀಸ್ ಇಲಾಖೆಗೋ ರೈಲ್ವೆಗೋ ಕ್ರೀಡಾ ಕೋಟಾದಲ್ಲಿ ಸೇರುವ ಆಸೆ ಇಟ್ಟುಕೊಂಡ ಹುಡುಗ ಎಂದಿದ್ದೀರಿ. ಅವನಿಗೆ ಅಡ್ಡಿಯಾಗಲೆಂದು ನಾವು ಬರೆಯಲಿಲ್ಲ, ಅದಕ್ಕೇ ಹೆಸರು ಬಿಟ್ಟೆವು. ಆ ಸಾಲನ್ನು ಹಾಕಿದ್ದು ತಪ್ಪೆಂದು ಮಾತ್ರ ನನಗೆ ಅನ್ನಿಸುವುದಿಲ್ಲ. ಬ್ರೆಜಿಲ್‌ನ ಕ್ರೀಡಾ ಪತ್ರಕರ್ತೆಯರು 2018ರಲ್ಲಿ "ಅವಳನ್ನು ಕೆಲಸ ಮಾಡಲು ಬಿಡಿ" ಎಂಬ ಅಭಿಯಾನ ಮಾಡಿದರು. ನಮ್ಮ ಹುಡುಗಿ ಕೇಳುತ್ತಿರುವುದೂ ಅಷ್ಟೇ. ಅವಳಿಗೆ ಅವನ ಕ್ಷಮೆ ಬೇಡವಂತೆ. ನಿಮ್ಮ ಪತ್ರ ತೋರಿಸಿದಾಗ ಪೂರ್ತಿ ಓದಿ, "ಮಾಸ್ತರ್ರು ಕಬಡ್ಡಿ ಗೊತ್ತಿದ್ದವರು ಸರ್, ಅವರಿಗೇ ಕೇಳ್ರಿ" ಅಂದಳು.

ಆದ್ದರಿಂದ ಕೇಳುತ್ತಿದ್ದೇನೆ. ಅವತ್ತು ಅವಳು ಹುಡುಗನಿಗೆ ಕೇಳಿದ ಪ್ರಶ್ನೆ ಇದು: ಎರಡು ನಿಮಿಷ ಬಾಕಿ ಇತ್ತು, ತಂಡ ಮೂರು ಅಂಕ ಮುಂದಿತ್ತು. ಅಷ್ಟು ಹೊತ್ತು ಎಡ ಕಾರ್ನರ್‌ನಲ್ಲಿ, ಅಂದರೆ ಡಿಫೆಂಡರ್‌ಗಳ ಸಾಲಿನ ತುದಿಯಲ್ಲಿ, ಒಂದೂ ಕಾಲು ತಪ್ಪಿಸಿಕೊಳ್ಳದಂತೆ ಹಿಡಿದಿದ್ದ ಹುಡುಗನನ್ನು ಸಾಲಿನ ಒಳಗಿನ ಕವರ್ ಜಾಗಕ್ಕೆ ತಂದು, ಹೊಸಬನನ್ನು ಕಾರ್ನರ್‌ಗೆ ನಿಲ್ಲಿಸಿದಿರಲ್ಲ, ಯಾಕೆ?

ನಿಮ್ಮ ಶಿಷ್ಯನನ್ನು ಕೂರಿಸಿಕೊಂಡು ಕೇಳಿ ಬರೆಯಿರಿ. ಉತ್ತರ ಮುಂದಿನ ಸಂಚಿಕೆಯಲ್ಲಿ ಅವಳ ಹೆಸರಿನಲ್ಲೇ ಬರುತ್ತದೆ. ಈ ಸಲ ತಲೆ ಎಣಿಸಲು ನಾನು ಹೋಗುವುದಿಲ್ಲ.

– ಸಂಪಾದಕ, ಬಳ್ಳಾರಿ